ಹಲ್ಲಿನ ಗಿರಣಿ ಕೊಳ್ಳುವ ಮುನ್ನ

ನಿಮ್ಮ ಮನೆಯಲ್ಲಿ ಯಾರಾದರೂ ಇತ್ತೀಚೆಗೆ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡಿದ್ದಾರೆಯೇ? ಹಾಗಿದ್ದರೆ ದಂತವೈದ್ಯರು ಹಲ್ಲನ್ನು ಅರೆದು ಸಣ್ಣದು ಮಾಡಿ, ಅಚ್ಚು ತೆಗೆದುಕೊಂಡು, ‘ಮುಂದಿನ ವಾರ ಬನ್ನಿ’ ಎಂದು ಕಳುಹಿಸಿದ್ದು ನೆನಪಿರಬಹುದು. ಆ ಒಂದು ವಾರ ನಿಮ್ಮ ಹಲ್ಲಿನ ಅಚ್ಚು ಎಲ್ಲಿರುತ್ತದೆ, ಕ್ಯಾಪನ್ನು ಯಾರು ಮಾಡುತ್ತಾರೆ ಎಂದು ನಮ್ಮಲ್ಲಿ ಹೆಚ್ಚಿನವರು ಯೋಚಿಸುವುದಿಲ್ಲ. ದಂತವೈದ್ಯರೇ ಒಳಗೆ ಕುಳಿತು ಮಾಡುತ್ತಾರೆಂದು ತಿಳಿದವರೂ ಉಂಟು. ಅದು ಹೋಗುವುದು ಡೆಂಟಲ್ ಲ್ಯಾಬಿಗೆ. ಊರಿನ ಯಾವುದೋ ಅಡ್ಡರಸ್ತೆಯಲ್ಲಿ, ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದೆರಡು ಕೋಣೆಗಳಲ್ಲಿ ಮೂರು ನಾಲ್ಕು ಜನ ಬೆನ್ನು ಬಾಗಿಸಿ ಕುಳಿತು ಕೆಲಸ ಮಾಡುವ ಜಾಗ ಅದು. 1948ರ ದಂತವೈದ್ಯರ ಕಾಯ್ದೆ ಇವರನ್ನು ‘ಡೆಂಟಲ್ ಮೆಕ್ಯಾನಿಕ್’ ಎಂದು ಕರೆಯಿತು. ಈಗ ಟೆಕ್ನೀಷಿಯನ್ ಎನ್ನುವುದೇ ವಾಡಿಕೆ.

ಈ ಲ್ಯಾಬುಗಳಲ್ಲಿ ಈಗ ದೊಡ್ಡ ಬದಲಾವಣೆ ನಡೆಯುತ್ತಿದೆ. ಮೇಣದಲ್ಲಿ ಹಲ್ಲು ಕಡೆದು, ಅದರ ಸುತ್ತ ಅಚ್ಚಿನ ಪುಡಿ ಕಲಸಿ ಹಾಕಿ, ಮೇಣ ಕರಗಿಸಿ, ಲೋಹ ಕಾಯಿಸಿ ಎರೆಯುವ ಹಳೆಯ ಪದ್ಧತಿಗೆ ಬದಲಾಗಿ, ಕಂಪ್ಯೂಟರಿನಲ್ಲಿ ಹಲ್ಲಿನ ಆಕಾರ ಬರೆದು ಯಂತ್ರದಿಂದ ಕಡೆಸುವ ಪದ್ಧತಿ ಬಂದಿದೆ. ಪುಟ್ಟ ಲ್ಯಾಬಿನ ಯುವಕನೊಬ್ಬ ತನ್ನ ಮೊದಲ ಮಿಲ್ಲಿಂಗ್ ಯಂತ್ರ ಕೊಳ್ಳಲು ಹೊರಟಾಗ ಮನೆಯವರೆಲ್ಲ ಅದರಲ್ಲಿ ಪಾಲುದಾರರಾಗುತ್ತಾರೆ. ಹೆಂಡತಿಯ ಒಡವೆ, ಅಪ್ಪನ ನಿವೃತ್ತಿಯ ಹಣ, ಮಾವನ ಜಾಮೀನು ಎಲ್ಲವೂ ಅದಕ್ಕೆ ಸೇರುತ್ತವೆ. ಹಾಗಾಗಿ ಇದು ಕೇವಲ ಒಂದು ವೃತ್ತಿಯವರ ವಿಷಯವಲ್ಲ.

ಆರೋಗ್ಯದ ಅಂಕಣದಲ್ಲಿ ಯಂತ್ರದ ಖರೀದಿಯೇಕೆ ಎಂದು ನೀವು ಕೇಳಬಹುದು. ಹಲ್ಲಿನ ವಿಷಯ ದಂತವೈದ್ಯರದು, ಯಂತ್ರದ ವಿಷಯ ಎಂಜಿನಿಯರುಗಳದು, ನಿಜ. ಆದರೆ ಆ ಯಂತ್ರದ ಮುಂದೆ ದಿನಕ್ಕೆ ಎಂಟು ಹತ್ತು ಗಂಟೆ ಕಳೆಯುವವರ ಕೆಮ್ಮು ಬರುವುದು ನಮ್ಮಂಥ ಸಾಮಾನ್ಯ ವೈದ್ಯರ ಬಳಿಗೆ.

ಹಿಟ್ಟಿನ ಗಿರಣಿಯ ತಮ್ಮ

ಮಿಲ್ ಎಂದೊಡನೆ ನಮಗೆ ನೆನಪಾಗುವುದು ರಾಗಿ, ಗೋಧಿ ಬೀಸುವ ಗಿರಣಿ. ಗಿರಣಿಯವನ ಹುಬ್ಬು, ರೆಪ್ಪೆ, ತೋಳಿನ ಕೂದಲು ಎಲ್ಲ ಬೆಳ್ಳಗಾಗಿರುವುದನ್ನು ಮಕ್ಕಳಾಗಿದ್ದಾಗ ಬೆರಗಿನಿಂದ ನೋಡಿದ್ದೇವೆ. ಹಲ್ಲಿನ ಗಿರಣಿಯೂ ಅದರ ತಮ್ಮನೇ. ಗಾತ್ರದಲ್ಲಿ ಸಣ್ಣದು, ಮುಂದೆ ಗಾಜಿನ ಬಾಗಿಲಿರುವ ಪೆಟ್ಟಿಗೆಯಂತೆ ಕಾಣುತ್ತದೆ. ಒಳಗೆ ಚಪಾತಿ ಮಣೆಯಂಥ ಬಿಳಿ ಬಿಲ್ಲೆಯೊಂದನ್ನು ಸಿಕ್ಕಿಸುತ್ತಾರೆ. ಅದರ ಅಡ್ಡಳತೆ ಸಾಮಾನ್ಯವಾಗಿ 98 ಮಿಲಿಮೀಟರ್, ದಪ್ಪ 10ರಿಂದ 25 ಮಿಲಿಮೀಟರ್. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಸಣ್ಣ ಬೈರಿಗೆ ಆ ಬಿಲ್ಲೆಯಿಂದ ನಿಮ್ಮ ಹಲ್ಲನ್ನು ಕಡೆದು ತೆಗೆಯುತ್ತದೆ. ಒಂದು ಕ್ಯಾಪಿಗೆ ಹತ್ತಿಪ್ಪತ್ತು ನಿಮಿಷ ಹಿಡಿಯಬಹುದು. ಒಂದು ಬಿಲ್ಲೆಯಲ್ಲಿ ಇಪ್ಪತ್ತರ ಆಚೀಚೆ ಕ್ಯಾಪುಗಳು ಸಿಗುತ್ತವೆ.

ಆ ಬಿಳಿ ಬಿಲ್ಲೆ ಜಿರ್ಕೋನಿಯಾ ಎಂಬ ವಸ್ತುವಿನದು. ಜಿರ್ಕೋನಿಯಂ ಎಂಬ ಲೋಹದ ಆಕ್ಸೈಡ್ ಇದು. ಜರ್ಮನಿಯ ರಸಾಯನ ವಿಜ್ಞಾನಿ ಕ್ಲಾಪ್ರೋತ್ 1789ರಲ್ಲಿ ಶ್ರೀಲಂಕಾದಿಂದ ಬಂದ ಜಿರ್ಕಾನ್ ಹರಳಿನಲ್ಲಿ ಇದನ್ನು ಗುರುತಿಸಿದ. ನಮ್ಮ ನೆರೆಯ ಕೇರಳದ ಚವರ ಕಡಲತೀರದ ಮರಳಿನಲ್ಲೂ ಜಿರ್ಕಾನ್ ಇದೆ. ಹಲ್ಲಿಗೆ ಬಳಸುವಾಗ ಇದಕ್ಕೆ ಯಿಟ್ರಿಯಾ ಎಂಬ ಇನ್ನೊಂದು ಆಕ್ಸೈಡನ್ನು ಸ್ವಲ್ಪ ಬೆರೆಸುತ್ತಾರೆ. ಇಲ್ಲದಿದ್ದರೆ ಬಿಸಿ ಮಾಡಿ ಆರಿಸುವಾಗ ಅದು ಬಿರುಕು ಬಿಡುತ್ತದೆ.

ಇದರ ಕೆಲಸ ಕುಂಬಾರಿಕೆಯನ್ನೇ ಹೋಲುತ್ತದೆ. ಹಸಿ ಮಡಕೆಯನ್ನು ಉಗುರಿನಿಂದಲೂ ಕೆರೆಯಬಹುದು, ಆವಿಗೆಯಲ್ಲಿ ಸುಟ್ಟ ಮೇಲೆ ಸಾಧ್ಯವಿಲ್ಲ. ಜಿರ್ಕೋನಿಯಾ ಬಿಲ್ಲೆಯೂ ಯಂತ್ರಕ್ಕೆ ಬರುವಾಗ ಸೀಮೆಸುಣ್ಣದಷ್ಟೇ ಮೆದುವಾಗಿರುತ್ತದೆ. ಕಡೆದ ಮೇಲೆ ಕುಲುಮೆಯಲ್ಲಿ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಸುಟ್ಟಾಗ ಅದು ಉಕ್ಕಿನೊಡನೆ ಸ್ಪರ್ಧಿಸುವಷ್ಟು ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಎಲ್ಲ ದಿಕ್ಕಿನಲ್ಲೂ ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ. ಆದುದರಿಂದ 10 ಮಿಲಿಮೀಟರಿನ ಹಲ್ಲು ಬೇಕಾದರೆ ಯಂತ್ರ ಹನ್ನೆರಡೂವರೆ ಮಿಲಿಮೀಟರಿನದನ್ನು ಕಡೆಯಬೇಕು. ಪ್ರತಿ ಬಿಲ್ಲೆ ಎಷ್ಟು ಕುಗ್ಗುತ್ತದೆಂದು ಅದರ ಮೇಲೆಯೇ ಬರೆದಿರುತ್ತಾರೆ. ಆ ಅಂಕಿಯನ್ನು ತಪ್ಪಾಗಿ ತುಂಬಿದರೆ ಇಡೀ ತಂಡದ ಕ್ಯಾಪುಗಳು ಯಾರ ಹಲ್ಲಿಗೂ ಕೂರುವುದಿಲ್ಲ!

ಕಂಪ್ಯೂಟರಿನಿಂದ ಹಲ್ಲು ಕಡೆಯುವ ವಿದ್ಯೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಮೊರ್ಮಾನ್ ಎಂಬ ದಂತವೈದ್ಯರೂ ಬ್ರಾಂಡೆಸ್ಟಿನಿ ಎಂಬ ಎಂಜಿನಿಯರೂ ಸೇರಿ ರೂಪಿಸಿದ ಯಂತ್ರದಿಂದ 1985ರಲ್ಲೇ ರೋಗಿಯೊಬ್ಬರ ಹಲ್ಲಿಗೆ ತುಂಬುವ ತುಣುಕನ್ನು ಕಡೆಯಲಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಆಗಿರುವುದೇನೆಂದರೆ, ಅಂಥ ಯಂತ್ರ ತಾಲ್ಲೂಕು ಕೇಂದ್ರದ ಲ್ಯಾಬಿನವರೂ ಸಾಲ ಮಾಡಿಯಾದರೂ ಕೊಳ್ಳಬಹುದಾದ ಬೆಲೆಗೆ ಇಳಿದಿದೆ.

ಒಣ ಯಂತ್ರವೇ ಏಕೆ?

ಈ ಯಂತ್ರಗಳಲ್ಲಿ ನೀರು ಹಾಯಿಸುತ್ತಾ ಕಡೆಯುವಂಥವೂ ಇವೆ, ಒಣಗಿದ್ದಂತೆಯೇ ಕಡೆಯುವಂಥವೂ ಇವೆ. ಗಾಜಿನ ಜಾತಿಯ ಪಿಂಗಾಣಿ, ಟೈಟಾನಿಯಂ ಮೊದಲಾದ ಗಟ್ಟಿ ವಸ್ತುಗಳಿಗೆ ನೀರು ಬೇಕೇಬೇಕು. ಇಲ್ಲದಿದ್ದರೆ ಶಾಖಕ್ಕೆ ಬೈರಿಗೆಯೂ ಹಾಳು, ವಸ್ತುವೂ ಹಾಳು. ಜಿರ್ಕೋನಿಯಾ, ತಾತ್ಕಾಲಿಕ ಹಲ್ಲಿಗೆ ಬಳಸುವ ಅಕ್ರಿಲಿಕ್, ಮೇಣ ಇವು ಮೂರಕ್ಕೂ ಒಣ ಯಂತ್ರ ಸಾಕು. ಮೊದಲ ಬಾರಿ ಕೊಳ್ಳುವ ಸಣ್ಣ ಲ್ಯಾಬಿನ ಕೆಲಸದಲ್ಲಿ ಹೆಚ್ಚಿನ ಪಾಲು ಈ ಮೂರೇ. ಆದುದರಿಂದ ಮೊದಲಿಗೆ ಒಣ ಯಂತ್ರ ಕೊಳ್ಳುವುದು ಸರಿಯಾದ ಯೋಚನೆಯೇ.

‘ಎರಡೂ ಮಾಡುತ್ತದೆ’ ಎಂದು ಮಾರುವ ಯಂತ್ರಗಳೂ ಇವೆ. ಅತ್ತೆಗೂ ಸೈ ಸೊಸೆಗೂ ಸೈ ಎನ್ನುವವರ ಹಾಗೆ ಇವುಗಳ ಮೇಲೂ ಒಂದು ಕಣ್ಣಿಡಬೇಕು. ನೀರಿನ ಕೆಲಸ ಮುಗಿಸಿ ಒಣ ಕೆಲಸಕ್ಕೆ ಬರುವಾಗ ಒಳಗನ್ನೆಲ್ಲ ತೊಳೆದು, ಪೂರ್ತಿ ಒಣಗಿಸಬೇಕು. ತೇವ ಉಳಿದರೆ ಬಿಳಿ ಪುಡಿ ಕೆಸರಾಗಿ ಮೂಲೆಮೂಲೆಗೆ ಮೆತ್ತಿಕೊಳ್ಳುತ್ತದೆ. ಒಬ್ಬಿಬ್ಬರೇ ಇರುವ ಲ್ಯಾಬಿನಲ್ಲಿ ಈ ಶಿಸ್ತನ್ನು ದಿನವೂ ಪಾಲಿಸುವವರು ಕಡಿಮೆ. ಗಾಜಿನ ಪಿಂಗಾಣಿಯ ಕೆಲಸ ತಿಂಗಳಿಗೆ ನಾಲ್ಕಾರು ಬಂದರೆ ಹೊರಗೆ ಕೊಟ್ಟು ಮಾಡಿಸಿಕೊಳ್ಳುವುದೇ ಲೇಸು.

ಇನ್ನು ನಾಲ್ಕು ಅಕ್ಷದ್ದೋ ಐದು ಅಕ್ಷದ್ದೋ ಎಂಬ ಪ್ರಶ್ನೆ. ಬೈರಿಗೆ ಮತ್ತು ಬಿಲ್ಲೆ ಎರಡೂ ಸೇರಿ ಎಷ್ಟು ಬಗೆಯಲ್ಲಿ ಚಲಿಸಬಲ್ಲವು ಎಂಬುದೇ ಇದರ ಅರ್ಥ. ಬಿಡಿ ಕ್ಯಾಪುಗಳಿಗೆ, ಮೂರು ಹಲ್ಲಿನ ಸೇತುವೆಗಳಿಗೆ ನಾಲ್ಕು ಸಾಕಾಗುತ್ತದೆ. ಇಂಪ್ಲಾಂಟಿನ ಮೇಲೆ ಕೂರುವ ಓರೆ ಹಲ್ಲುಗಳಿಗೆ, ಇಡೀ ದವಡೆಯ ಸೇತುವೆಗೆ ಐದು ಬೇಕಾಗುತ್ತದೆ. ಅಂಥ ಕೆಲಸ ಈಗ ಹೆಚ್ಚುತ್ತಿರುವುದರಿಂದ ಐದರದ್ದನ್ನೇ ಕೊಳ್ಳಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಆ ಹೆಚ್ಚಿನ ಬೆಲೆ ದೂಳು ಹೀರುವ ಯಂತ್ರದ ಹಣವನ್ನು ನುಂಗುವುದಾದರೆ ನಾಲ್ಕರದ್ದನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಏಕೆಂದು ಮುಂದೆ ತಿಳಿಯುತ್ತದೆ.

ಕೊನೆಯ ಪುಟದ ಒಂದು ಸಾಲು

ಕೆಲವು ತಿಂಗಳ ಹಿಂದೆ ನನ್ನ ಚಿಕಿತ್ಸಾಲಯಕ್ಕೆ ಒಬ್ಬ ಲ್ಯಾಬ್ ಟೆಕ್ನೀಷಿಯನ್ ಮತ್ತು ಅವನ ಹೆಂಡತಿ ಬಂದಿದ್ದರು. ಅವನದು ಮೂರು ವಾರದ ಒಣ ಕೆಮ್ಮು. ಪರೀಕ್ಷೆ ಮುಗಿಸಿ ಔಷಧಿ ಬರೆಯುತ್ತಿದ್ದಾಗ ಆಕೆ ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದು, “ಡಾಕ್ಟ್ರೇ, ಇದನ್ನೂ ಒಂಚೂರು ನೋಡಿ. ಹೊಸ ಮಿಷಿನ್ ಬಂದ್ರೆ ಇವರ ಕೆಮ್ಮು ಕಮ್ಮಿ ಆಗುತ್ತೆ ಅಂತ ಮಾರೋರು ಹೇಳಿದಾರೆ” ಎಂದಳು. ಅದು ಮಿಲ್ಲಿಂಗ್ ಯಂತ್ರದ ಕೊಟೇಷನ್. ಯಂತ್ರ, ಕುಲುಮೆ, ಸ್ಕ್ಯಾನರ್, ಕಂಪ್ಯೂಟರ್ ಎಲ್ಲಕ್ಕೂ ಬೆಲೆ ಇತ್ತು. ಕೊನೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ ‘ದೂಳು ಹೀರುವ ಘಟಕ: ಐಚ್ಛಿಕ, ಬೆಲೆ ಪ್ರತ್ಯೇಕ’ ಎಂದಿತ್ತು.

“ಇದನ್ನ ತಗೋತಿಲ್ವೇನಪ್ಪ?” ಎಂದು ಕೇಳಿದೆ.

“ಈಗ ಬೇಡ ಅಂತ ಸಾರ್. ಮನೇಲಿ ವ್ಯಾಕ್ಯೂಂ ಕ್ಲೀನರ್ ಇದೆ, ಪೈಪ್ ಸಿಕ್ಕಿಸಿದ್ರೆ ಆಯ್ತು ಅಂದ್ರು” ಎಂದ.

ಇಂಥ ಸಲಹೆ ಕೊಡುವವರು ಅವನೊಬ್ಬನಿಗೇ ಸಿಕ್ಕಿರಲಾರರು. ಆದ್ದರಿಂದ ಇದನ್ನು ಬಿಡಿಸಿ ಹೇಳುವುದು ಅಗತ್ಯ.

ಜಿರ್ಕೋನಿಯಾ ಕಡೆಯುವಾಗ ಬಿಲ್ಲೆಯ ಬಹುಪಾಲು ಪುಡಿಯಾಗಿ ಹೋಗುತ್ತದೆ. ಕಣ್ಣಿಗೆ ಕಾಣುವ ಬಿಳಿ ಪುಡಿಯ ಬಗ್ಗೆ ಅಷ್ಟೇನೂ ಹೆದರಬೇಕಿಲ್ಲ. ಮೂಗಿನ ಕೂದಲು, ಗಂಟಲಿನ ಕಫ ಅದನ್ನು ತಡೆಯುತ್ತವೆ. ಕಾಣದೆ ಗಾಳಿಯಲ್ಲಿ ತೇಲುವ ಕಣಗಳದೇ ತೊಂದರೆ. ಸುಮಾರು 5 ಮೈಕ್ರಾನ್‌ಗಿಂತ, ಎಂದರೆ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗಕ್ಕಿಂತ, ಸಣ್ಣ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯಬಲ್ಲವು. ಮನೆಯ ವ್ಯಾಕ್ಯೂಂ ಕ್ಲೀನರಿನ ಚೀಲ ದಪ್ಪ ಪುಡಿಯನ್ನು ಹಿಡಿದು ಈ ಸಣ್ಣ ಕಣಗಳನ್ನು ಹಿಂದಿನ ತೂತಿನಿಂದ ಕೋಣೆಗೇ ಊದುತ್ತದೆ. ನೋಡಲು ಸ್ವಚ್ಛ, ಉಸಿರಾಡಲು ಮೊದಲಿಗಿಂತ ಕೆಟ್ಟದ್ದು. ಇದಕ್ಕೆ ಹೆಪಾ ಎಂಬ ದರ್ಜೆಯ ಸೋಸುಕವಿರುವ, ಯಂತ್ರ ಓಡಲು ಆರಂಭಿಸಿದೊಡನೆ ತಾನೂ ಓಡುವ, ಗಂಟೆಗಟ್ಟಲೆ ನಡೆದರೂ ಸುಡದ ಘಟಕವೇ ಆಗಬೇಕು. ಸೋಸುಕ ತುಂಬಿದಾಗ ತಿಳಿಸುವ ದೀಪವೋ ಮುಳ್ಳೋ ಅದರಲ್ಲಿರಬೇಕು. ಹೊಸ ಸೋಸುಕಕ್ಕೆ ಎಷ್ಟು ಬೆಲೆ, ವರ್ಷಕ್ಕೆ ಎಷ್ಟು ಬೇಕಾಗುತ್ತವೆ ಎಂದು ಕೊಳ್ಳುವ ಮೊದಲೇ ಬರೆಸಿಕೊಳ್ಳಬೇಕು.

ಹಾಗೆಂದು ಜಿರ್ಕೋನಿಯಾ ವಿಷವೆಂದು ಭಾವಿಸಬೇಡಿ. ಕಲ್ಲು, ಮರಳಿನಲ್ಲಿರುವ ಸಿಲಿಕಾದ ದೂಳಿಗೂ ಇದಕ್ಕೂ ಬಹಳ ಅಂತರವಿದೆ. ಅಮೆರಿಕದ ಔದ್ಯೋಗಿಕ ಸುರಕ್ಷಾ ಇಲಾಖೆ ಕೆಲಸದ ಜಾಗದ ಒಂದು ಘನ ಮೀಟರ್ ಗಾಳಿಯಲ್ಲಿ ಜಿರ್ಕೋನಿಯಂ ಸಂಯುಕ್ತಗಳಿಗೆ 5 ಮಿಲಿಗ್ರಾಂ ಮಿತಿ ಹಾಕಿದೆ. ಸಿಲಿಕಾಕ್ಕೆ 2016ರಲ್ಲಿ ಹಾಕಿದ ಮಿತಿ 0.05 ಮಿಲಿಗ್ರಾಂ, ಎಂದರೆ ಅದರ ನೂರನೇ ಒಂದು ಪಾಲು. ಯಂತ್ರ ಮಾರುವವರ ಮಾತಿನಲ್ಲಿ ಸತ್ಯಾಂಶ ಇರುವುದೂ ಇಲ್ಲಿಯೇ. ಹಳೆಯ ಎರಕದ ಪದ್ಧತಿಯ ಅಚ್ಚಿನ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಎರಕ ತೆಗೆದು ಮರಳು ಊದಿ ಶುಚಿ ಮಾಡುವಾಗ, ಕೋಬಾಲ್ಟ್-ಕ್ರೋಮಿಯಂ ಲೋಹವನ್ನು ಉಜ್ಜುವಾಗ ಏಳುವ ದೂಳು ಜಿರ್ಕೋನಿಯಾದ್ದಕ್ಕಿಂತ ಹೆಚ್ಚು ಅಪಾಯಕಾರಿ. ಕೆಲವು ನಿಕ್ಕಲ್ ಮಿಶ್ರಲೋಹಗಳಲ್ಲಿ ಬೆರಿಲಿಯಂ ಕೂಡ ಇರುತ್ತಿತ್ತು. ಎರಕ ಕಡಿಮೆಯಾಗಿ ಕಡೆಯುವುದು ಹೆಚ್ಚಾದರೆ ಶ್ವಾಸಕೋಶಕ್ಕೆ ಲಾಭವೇ. ಆದರೆ ದೂಳನ್ನು ಹೀರುವ ಏರ್ಪಾಡು ಇದ್ದರೆ ಮಾತ್ರ. ಅಲ್ಲದೆ ಹೊಸ ಯಂತ್ರ ಬಂದ ದಿನವೇ ಯಾರೂ ಎರಕ ನಿಲ್ಲಿಸುವುದಿಲ್ಲ. ವರ್ಷಗಟ್ಟಲೆ ಎರಡೂ ಒಂದೇ ಕೋಣೆಯಲ್ಲಿ ನಡೆಯುತ್ತವೆ, ಎಲ್ಲ ದೂಳೂ ಬೆರೆಯುತ್ತದೆ.

ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ರೋಗ ನಮ್ಮ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಸಿಲಿಕೋಸಿಸ್ ಇರುವುದು 1940ರ ದಶಕದಲ್ಲೇ ದಾಖಲಾಗಿತ್ತು. ಆ ಗಣಿ 2001ರಲ್ಲಿ ಮುಚ್ಚಿತು. ಗಣಿಗೂ ಹಲ್ಲಿನ ಲ್ಯಾಬಿಗೂ ಎಲ್ಲಿಯ ಸಂಬಂಧ ಎನ್ನಬೇಡಿ. ಅಮೆರಿಕದ ಐದು ರಾಜ್ಯಗಳಲ್ಲಿ 1994ರಿಂದ 2000ದವರೆಗೆ 9 ಮಂದಿ ಡೆಂಟಲ್ ಟೆಕ್ನೀಷಿಯನ್‌ಗಳಿಗೆ ಸಿಲಿಕೋಸಿಸ್ ಇದ್ದುದನ್ನು ಅಲ್ಲಿನ ಸರ್ಕಾರಿ ವರದಿಯೇ 2004ರಲ್ಲಿ ಪ್ರಕಟಿಸಿತು. 2018ರ ಇನ್ನೊಂದು ವರದಿ ವರ್ಜೀನಿಯಾದ ಒಂದು ಆಸ್ಪತ್ರೆಯದು. ಕಾರಣ ತಿಳಿಯದೆ ಶ್ವಾಸಕೋಶ ನಾರುಗಟ್ಟುವ ರೋಗಕ್ಕೆ ಸುಮಾರು 21 ವರ್ಷಗಳಲ್ಲಿ ಅಲ್ಲಿ ಚಿಕಿತ್ಸೆ ಪಡೆದ 894 ಜನರಲ್ಲಿ 8 ಮಂದಿ ದಂತವೈದ್ಯರು, ಒಬ್ಬ ಟೆಕ್ನೀಷಿಯನ್. ವೃತ್ತಿಯ ದೂಳೇ ಕಾರಣವೆಂದು ಅದರಿಂದ ಸಿದ್ಧವಾಗಲಿಲ್ಲ, ಆದರೆ ಆ ಸಂಖ್ಯೆ ನಿರೀಕ್ಷೆಗಿಂತ ಬಹಳ ಹೆಚ್ಚಾಗಿತ್ತು. ಸಿಲಿಕೋಸಿಸ್ ನಮ್ಮ ಕಾರ್ಖಾನೆ ಕಾನೂನಿನಲ್ಲಿ ವರದಿ ಮಾಡಲೇಬೇಕಾದ ರೋಗ. ಆದರೆ ಮೂರು ನಾಲ್ಕು ಜನರ ಲ್ಯಾಬು ಸಾಮಾನ್ಯವಾಗಿ ಕಾರ್ಖಾನೆ ಎನಿಸಿಕೊಳ್ಳುವುದೇ ಇಲ್ಲ. ಅಲ್ಲಿಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಅಲ್ಲಿ ಮಾಲೀಕನೇ ಕಾರ್ಮಿಕ, ಕಾರ್ಮಿಕನೇ ಇನ್ಸ್‌ಪೆಕ್ಟರ್.

ಮೂಗಿನ ಹತ್ತಿರದ ದೂಳು

ಯಂತ್ರದ ಬಾಗಿಲು ಮುಚ್ಚಿರುವಷ್ಟು ಹೊತ್ತು ದೂಳು ಪೆಟ್ಟಿಗೆಯೊಳಗೇ ಇರುತ್ತದೆ. ಬಾಗಿಲು ತೆರೆದಾಗಲೇ ಕಷ್ಟ ಆರಂಭ. ಒಳಗೆ ಕುಳಿತ ಪುಡಿಯನ್ನು ಗಾಳಿಯ ಪಿಸ್ತೂಲಿನಿಂದ ‘ಫುಸ್’ ಎಂದು ಊದಿ ತೆಗೆಯುವುದು ಅನೇಕ ಲ್ಯಾಬುಗಳಲ್ಲಿ ರೂಢಿ. ಊದಿದ್ದು ಎಲ್ಲಿಗೆ ಹೋಗುತ್ತದೆ? ಎದುರಿಗೆ ಬಗ್ಗಿ ನಿಂತವನ ಮುಖಕ್ಕೆ! ಮೃದು ಬ್ರಷ್ ಮತ್ತು ಹೀರುವ ಕೊಳವೆ ಇವೆರಡರಿಂದಲೇ ಇದನ್ನು ಶುಚಿ ಮಾಡಬೇಕು. ಹೀರುವ ಘಟಕಕ್ಕೆ ಕೈಯಲ್ಲಿ ಹಿಡಿಯುವ ಇನ್ನೊಂದು ಕೊಳವೆ ಇದೆಯೇ ಎಂದು ಕೊಳ್ಳುವಾಗಲೇ ನೋಡಿ.

ಇದಕ್ಕಿಂತ ಹೆಚ್ಚಿನ ದೂಳು ಮೇಜಿನ ಬಳಿ ಏಳುತ್ತದೆ. ಕಡೆದ ಕ್ಯಾಪುಗಳು ಸಣ್ಣ ಕಡ್ಡಿಯಂಥ ಆಧಾರಗಳಿಂದ ಬಿಲ್ಲೆಗೆ ಅಂಟಿಕೊಂಡಿರುತ್ತವೆ. ಅವನ್ನು ಕೈ ಬೈರಿಗೆಯಿಂದ ಕತ್ತರಿಸಿ, ಆ ಮೊಳೆಯನ್ನು ಉಜ್ಜಿ ನಯಮಾಡಬೇಕು. ಸುಟ್ಟ ಮೇಲೆ ಮತ್ತೆ ತಿದ್ದಬೇಕು. ಈ ಕೆಲಸ ನಡೆಯುವುದು ಮೂಗಿನಿಂದ ಒಂದು ಗೇಣು ದೂರದಲ್ಲಿ. ಆದುದರಿಂದ ಯಂತ್ರಕ್ಕೊಂದು ಹೀರುವ ಘಟಕ ಇದ್ದ ಮಾತ್ರಕ್ಕೆ ಸಾಲದು, ಕೆಲಸದ ಮೇಜಿಗೂ ಒಂದು ಹೀರುಬಾಯಿ ಬೇಕು. ಎರಡನ್ನೂ ಒಂದೇ ಘಟಕದಿಂದ ನಡೆಸುವ ಅನುಕೂಲವಿರುವ ಮಾದರಿಗಳಿವೆ.

ಬಾಯಿಗೆ ಕಟ್ಟಿದ ಕರವಸ್ತ್ರ, ತೆಳು ಶಸ್ತ್ರಚಿಕಿತ್ಸೆಯ ಮುಖಗವಸು ಇವು ಸಣ್ಣ ಕಣಗಳನ್ನು ತಡೆಯಲಾರವು. ಎನ್-95 ದರ್ಜೆಯದು ಬೇಕು. ಗಡ್ಡದ ಮೇಲೆ ಅದೂ ಸರಿಯಾಗಿ ಕೂರುವುದಿಲ್ಲ. ಹೀರುವ ಘಟಕದ ಚೀಲ ಬದಲಿಸುವ ದಿನ ಇದನ್ನು ಮರೆಯಲೇಬಾರದು. ಕಸಬರಿಕೆಯಿಂದ ಒಣ ನೆಲ ಗುಡಿಸುವುದನ್ನು ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಎಲ್ಲಿ ಇಡುತ್ತೀರಿ?

ಮನೆಯ ಮುಂದಿನ ಕೋಣೆಯಲ್ಲಿ ಲ್ಯಾಬು ನಡೆಸುವವರು ಬಹಳ ಇದ್ದಾರೆ. ಬಾಡಿಗೆ ಉಳಿಯುತ್ತದೆ, ಊಟ ಬಿಸಿಯಾಗಿ ಸಿಗುತ್ತದೆ, ಒಪ್ಪತಕ್ಕದ್ದೇ. ಆದರೆ ಈ ಯಂತ್ರವನ್ನು ಮನೆಯೊಳಗೆ ತರಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಮಗು ನೆಲದ ಮೇಲೆ ಅಂಬೆಗಾಲಿಡುತ್ತಿರುತ್ತದೆ, ಅಜ್ಜನಿಗೆ ಉಬ್ಬಸವಿರುತ್ತದೆ. ಬೇರೆ ಜಾಗವೇ ಇಲ್ಲವೆಂದಾದರೆ ಪ್ರತ್ಯೇಕ ಬಾಗಿಲಿರುವ, ಅಡಿಗೆಮನೆಗೆ ಗಾಳಿ ಹಾಯದ ಕೋಣೆಯಾದರೂ ಇರಲಿ. ಕೆಲಸದ ಅಂಗಿಯನ್ನು ಅಲ್ಲೇ ಕಳಚಿ, ಮನೆಯ ಬಟ್ಟೆಗಳ ಜೊತೆ ಸೇರಿಸದೆ ಒಗೆಯಬೇಕು.

ಯಂತ್ರ ಭಾರವಾಗಿರುತ್ತದೆ. ಅಲುಗದ ಕಲ್ಲಿನ ಕಟ್ಟೆ ಅಥವಾ ಗಟ್ಟಿ ಮೇಜು ಬೇಕು. ಹೆಚ್ಚಿನ ಒಣ ಯಂತ್ರಗಳಿಗೆ ಒತ್ತಡದ ಗಾಳಿಯೂ ಬೇಕು, ಅದು ಎಣ್ಣೆ ಮತ್ತು ನೀರಿನ ಅಂಶವಿಲ್ಲದ ಗಾಳಿಯಾಗಿರಬೇಕು. ಎಂದರೆ ಒಳ್ಳೆಯ ಕಂಪ್ರೆಸರಿನ ಖರ್ಚೂ ಸೇರಿತು. ಕಂಪ್ರೆಸರ್, ಹೀರುವ ಘಟಕ, ಯಂತ್ರ ಮೂರೂ ಕೂಡಿ ಮಾಡುವ ಸದ್ದು ಕಡಿಮೆಯದಲ್ಲ. ಪಕ್ಕದಲ್ಲಿ ನಿಂತವರೊಡನೆ ಕೂಗಿ ಮಾತನಾಡಬೇಕಾಗಿ ಬಂದರೆ ಕಿವಿಗೆ ಅದು ಹೆಚ್ಚಾಯಿತೆಂದೇ ಅರ್ಥ. ಕಂಪ್ರೆಸರನ್ನು ಗೋಡೆಯಾಚೆ ಇಡಿ.

ವಿದ್ಯುತ್ತಿನ ವಿಷಯ ನಮ್ಮ ಊರುಗಳಲ್ಲಿ ಹೇಳಬೇಕಾಗಿಲ್ಲ. ಕಡೆಯುವ ನಡುವೆ ಕರೆಂಟು ಹೋದರೆ ಬೈರಿಗೆ ಮುರಿಯಬಹುದು, ಕ್ಯಾಪಂತೂ ಹೋದಂತೆಯೇ. ಯಂತ್ರಕ್ಕೂ ಕಂಪ್ಯೂಟರಿಗೂ ಯುಪಿಎಸ್ ಬೇಕೇಬೇಕು. ಕುಲುಮೆಗೆ ಸಣ್ಣ ಯುಪಿಎಸ್ ಸಾಲದು. ಸುಡುವುದು ಅರ್ಧಕ್ಕೆ ನಿಂತರೆ ಆ ತಂಡವನ್ನು ನಂಬಲಾಗದು. ನಿಮ್ಮ ಕಟ್ಟಡಕ್ಕೆ ಮಂಜೂರಾದ ವಿದ್ಯುತ್ ಹೊರೆ ಎಷ್ಟು ಎಂದು ಬಿಲ್ಲಿನಲ್ಲಿ ನೋಡಿಕೊಂಡು, ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಕೇಳಿದ ಮೇಲೆಯೇ ಮುಂಗಡ ಕೊಡಿ.

ಕಂತಿನ ಲೆಕ್ಕ

ವೈದ್ಯನಾದವನು ಲೆಕ್ಕ ಹೇಳಬಾರದೆಂದೇನೂ ಇಲ್ಲ. ಸಾಲದ ಚಿಂತೆಯಿಂದ ನಿದ್ದೆ ಕೆಟ್ಟು, ರಕ್ತದೊತ್ತಡ ಏರಿಸಿಕೊಂಡು ಬರುವವರನ್ನು ದಿನವೂ ನೋಡುತ್ತೇವೆ. ಉದಾಹರಣೆಗೆಂದು ಊಹಿಸಿಕೊಳ್ಳಿ: ಹೊರಗಿನ ಮಿಲ್ಲಿಂಗ್ ಕೇಂದ್ರಕ್ಕೆ ಒಂದು ಕ್ಯಾಪಿಗೆ ನೀವು 600 ರೂಪಾಯಿ ಕೊಡುತ್ತಿದ್ದೀರಿ. ಸ್ವಂತ ಯಂತ್ರದಲ್ಲಿ ಬಿಲ್ಲೆ, ಬೈರಿಗೆ, ಕರೆಂಟು, ಸೋಸುಕ ಎಲ್ಲ ಸೇರಿ 250 ರೂಪಾಯಿ ಬೀಳುತ್ತದೆ. ಉಳಿತಾಯ 350. ತಿಂಗಳ ಕಂತು 35,000 ಆದರೆ, ಕಂತು ಕಟ್ಟಲಿಕ್ಕೇ ತಿಂಗಳಿಗೆ 100 ಕ್ಯಾಪು ಬೇಕು. ನಿಮ್ಮ ಬಳಿ ಬರುತ್ತಿರುವುದು 40 ಆದರೆ, ಉಳಿದ 60 ಎಲ್ಲಿಂದ ಬರುತ್ತದೆ? ‘ಯಂತ್ರ ಬಂದರೆ ಕೆಲಸ ತಾನಾಗಿಯೇ ಬರುತ್ತದೆ’ ಎಂಬ ಮಾತನ್ನು ಮಾರುವವರು ಹೇಳಲಿ, ನೀವು ನಂಬಬೇಡಿ. ನಿಮ್ಮ ಊರಿನ ನಿಜವಾದ ಬೆಲೆಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿ, ಮನೆಯವರೆಲ್ಲರ ಎದುರಿಗೆ.

ಲೆಕ್ಕ ಕೂಡದಿದ್ದರೆ ನಡುವಿನ ದಾರಿಯೊಂದಿದೆ. ಮೊದಲು ಸ್ಕ್ಯಾನರ್ ಮತ್ತು ವಿನ್ಯಾಸದ ಸಾಫ್ಟ್‌ವೇರ್ ಮಾತ್ರ ಕೊಳ್ಳಿ. ಹಲ್ಲಿನ ಆಕಾರವನ್ನು ನೀವೇ ಬರೆದು, ಕಡತವನ್ನು ಮಿಲ್ಲಿಂಗ್ ಕೇಂದ್ರಕ್ಕೆ ಕಳುಹಿಸಿ. ಒಂದು ವರ್ಷದಲ್ಲಿ ನಿಮ್ಮ ತಿಂಗಳ ಸರಾಸರಿ ಎಷ್ಟೆಂಬುದು ಗೊತ್ತಾಗುತ್ತದೆ, ವಿನ್ಯಾಸದ ಕೈಯೂ ಪಳಗುತ್ತದೆ. ಅಷ್ಟರಲ್ಲಿ ಯಂತ್ರವೆಲ್ಲಿಗೂ ಓಡಿಹೋಗುವುದಿಲ್ಲ.

ಸಾಲ ಮಾಡಿಯೇ ಕೊಳ್ಳುವುದಾದರೆ, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಅದರ ‘ತರುಣ್’ ವರ್ಗದ ಸಾಲವನ್ನು ಹಿಂದೆ ಪಡೆದು ತೀರಿಸಿದವರಿಗೆ 20 ಲಕ್ಷದವರೆಗೆ ಅವಕಾಶವಿದೆ. ಬ್ಯಾಂಕಿಗೆ ಕೊಡುವ ಕೊಟೇಷನ್ನಿನಲ್ಲಿಯೇ ದೂಳು ಹೀರುವ ಘಟಕ, ಕಂಪ್ರೆಸರ್, ಯುಪಿಎಸ್ ಸೇರಿರಲಿ. ಆಮೇಲೆ ಕೈಯಿಂದ ಕೊಳ್ಳುತ್ತೇನೆ ಎಂದವರು ಕೊಂಡದ್ದನ್ನು ನಾನು ನೋಡಿಲ್ಲ.

ನಿಮ್ಮ ಕೆಲಸವನ್ನೇ ಕಡೆಸಿ ನೋಡಿ

ಪ್ರದರ್ಶನಕ್ಕೆ ಇಟ್ಟ ಹಲ್ಲು ಯಾವಾಗಲೂ ಮುದ್ದಾಗಿಯೇ ಇರುತ್ತದೆ. ನಿಮ್ಮ ಲ್ಯಾಬಿನ ಅತ್ಯಂತ ಕಷ್ಟದ ಕೆಲಸದ ಕಡತವನ್ನೂ, ನೀವು ಬಳಸಬೇಕೆಂದಿರುವ ಬಿಲ್ಲೆಯನ್ನೂ ಕೊಂಡೊಯ್ದು ಅಲ್ಲಿಯೇ ಕಡೆಸಿ, ಸುಡಿಸಿ, ನಿಮ್ಮ ಅಚ್ಚಿನ ಮೇಲೆ ಕೂರಿಸಿ ನೋಡಿ. ಅಂಚು ಚಕ್ಕೆ ಎದ್ದಿದೆಯೇ? ಉಗುರಿಗೆ ತಡೆಯುತ್ತದೆಯೇ? ಕ್ಯಾಪಿನ ಅಂಚಿಗೂ ಹಲ್ಲಿಗೂ ನಡುವೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿನ ಸಂದು ಉಳಿದರೆ ಅಲ್ಲಿ ಅನ್ನದ ಅಂಶ ಕೂರುತ್ತದೆ, ವಸಡು ಊದುತ್ತದೆ, ಒಳಗಿನ ಹಲ್ಲು ಮತ್ತೆ ಹುಳುಕಾಗುತ್ತದೆ. ಮಧುಮೇಹ ಇರುವವರಿಗೆ ವಸಡಿನ ಊತ ಸಕ್ಕರೆಯ ಹತೋಟಿಯನ್ನೂ ಕೆಡಿಸುತ್ತದೆ. ಮೊಂಡಾದ ಬೈರಿಗೆಯನ್ನು ಬದಲಿಸದೆ ಎಳೆದಾಡುವುದರ ಫಲವೂ ಇದೇ.

ಬೇರೆ ಬೇರೆ ತಯಾರಕರ ಬಿಲ್ಲೆಗಳನ್ನು ಒಪ್ಪಿಕೊಳ್ಳದ ಯಂತ್ರ ಅಗ್ಗವಾಗಿ ಕಂಡರೂ ಮುಂದೆ ದುಬಾರಿ. ಸಾಫ್ಟ್‌ವೇರಿಗೆ ವರ್ಷವರ್ಷವೂ ಶುಲ್ಕವಿದೆಯೇ, ತಿರುಗುವ ಮುಖ್ಯ ಭಾಗವಾದ ಸ್ಪಿಂಡಲ್ ಹೋದರೆ ಬೆಲೆಯೆಷ್ಟು, ದುರಸ್ತಿಯ ಎಂಜಿನಿಯರ್ ಬೆಂಗಳೂರಿನಲ್ಲಿದ್ದಾನೋ ದೆಹಲಿಯಲ್ಲೋ, ಎಷ್ಟು ದಿನದಲ್ಲಿ ಬರುತ್ತಾನೆ ಇವೆಲ್ಲವನ್ನೂ ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಬರೆಸಿಕೊಳ್ಳಿ. ಅದೇ ಯಂತ್ರ ಎರಡು ವರ್ಷದಿಂದ ಇರುವ ಇನ್ನೊಂದು ಲ್ಯಾಬಿಗೆ ಹೋಗಿ ವಿಚಾರಿಸಿ. ಅಲ್ಲಿನ ಕಿಟಕಿಯ ಸಳಿಯ ಮೇಲೆ ಬೆರಳು ಎಳೆದು ನೋಡಿ. ಬೆರಳು ಬೆಳ್ಳಗಾದರೆ ಹೀರುವ ಘಟಕದ ಯೋಗ್ಯತೆ ಗೊತ್ತಾದಂತೆ.

ಬಾಯಲ್ಲಿ ಈಗಾಗಲೇ ಜಿರ್ಕೋನಿಯಾ ಕ್ಯಾಪ್ ಇರುವವರು ಇದನ್ನೆಲ್ಲ ಓದಿ ಗಾಬರಿಯಾಗಬೇಕಿಲ್ಲ. ಸುಟ್ಟು ಗಟ್ಟಿಯಾದ ಕ್ಯಾಪಿನಿಂದ ಅಗಿಯುವಾಗ ದೂಳು ಏಳುವುದಿಲ್ಲ. ಮುಂದೆ ಎಂದಾದರೂ ಅದನ್ನು ಕೊರೆದು ತೆಗೆಯಬೇಕಾದರೂ ದಂತವೈದ್ಯರು ನೀರು ಹಾಯಿಸುತ್ತಾ, ಹೀರುತ್ತಾ ಕೊರೆಯುತ್ತಾರೆ.

ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಮತ್ತು ಅವರ ಮನೆಯವರಿಗೆ ಒಂದು ಮಾತು ಉಳಿದಿದೆ. ಯಂತ್ರ ಬರುವ ಮೊದಲೇ ಎದೆಯ ಎಕ್ಸ್‌ರೇ ಮತ್ತು ಉಸಿರಿನ ಅಳತೆಯ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿಡಿ. ಕೊಳವೆಯೊಂದಕ್ಕೆ ಜೋರಾಗಿ ಊದುವುದಷ್ಟೆ, ನೋವಿಲ್ಲ, ಹತ್ತು ಹದಿನೈದು ನಿಮಿಷದ ಕೆಲಸ. ಆಮೇಲೆ ವರ್ಷಕ್ಕೊಮ್ಮೆ ಸ್ಪೈರೋಮೆಟ್ರಿ ಮಾಡಿಸಿ ಹಿಂದಿನದರೊಡನೆ ಹೋಲಿಸಿ ನೋಡಬೇಕು. ಎಕ್ಸ್‌ರೇ ಮತ್ತೆ ಯಾವಾಗ ಬೇಕೆಂದು ವೈದ್ಯರು ಹೇಳುತ್ತಾರೆ. ಒಣ ಕೆಮ್ಮು ಮೂರು ವಾರ ದಾಟಿದರೆ, ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಲ್ಲಿ ಈಗ ನಡುವೆ ನಿಲ್ಲಬೇಕಾದರೆ ತಡಮಾಡದೆ ತೋರಿಸಿ. ಇಂಥ ಕೆಮ್ಮನ್ನು ಕ್ಷಯವೆಂದು ತಿಳಿಯುವುದುಂಟು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ಹತ್ತುವುದೂ ಉಂಟು. ಆದುದರಿಂದ ಕಫದ ಪರೀಕ್ಷೆಯೂ ಬೇಕಾಗಬಹುದು. ಬೀಡಿ ಸಿಗರೇಟಿನ ಚಟ ಇದ್ದರೆ ಬಿಡಬೇಕು, ಹೊಗೆ ಮತ್ತು ದೂಳು ಎರಡನ್ನೂ ತಾಳುವ ಶಕ್ತಿ ಯಾವ ಶ್ವಾಸಕೋಶಕ್ಕೂ ಇಲ್ಲ. ವೈದ್ಯರು ಕೇಳದಿದ್ದರೂ ನೀವಾಗಿಯೇ ‘ನಾನು ಡೆಂಟಲ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಇಷ್ಟು ವರ್ಷವಾಯಿತು, ಇಂಥಿಂಥ ವಸ್ತು ಉಜ್ಜುತ್ತೇನೆ’ ಎಂದು ಹೇಳಿ. ಹಳೆಯ ಎಕ್ಸ್‌ರೇಗಳನ್ನು ಎಸೆಯದೆ ಜೊತೆಗೆ ತನ್ನಿ.